ಅರ್ಜಿಯೊಳಗಿನ ‘ನಾವು’

ನಮ್ಮ ದಾರಿಯ ಬಸ್ಸಿನವರು ಮುಷ್ಕರ ಹೂಡಿದ್ದು ಸಂಬಳಕ್ಕಲ್ಲ, ಎಂಟು ನಿಮಿಷಕ್ಕೆ. ಹೊರಗಿನವರಿಗೆ ಇದನ್ನು ಹೇಳಿದರೆ ಮೊದಲು ನಗುತ್ತಾರೆ. ಎಂಟು ನಿಮಿಷದ ಮಾತು ಮೊದಲು ಕಿವಿಗೆ ಬಿದ್ದಾಗ ನನಗೂ ನಗುವೇ ಬಂದಿತ್ತು. ಆಮೇಲೆ ಆ ಎಂಟು ನಿಮಿಷದಲ್ಲಿ ಏನೇನಿತ್ತು ಎಂದು ಯೋಚಿಸಿ ನೋಡಿದೆ.

ನನ್ನ ಮನೆ ಮೂಡುಬಿದಿರೆಯಲ್ಲಿ. ಕೆಲಸ ಸಿದ್ಧಕಟ್ಟೆಯಿಂದ ಸ್ವಲ್ಪ ಒಳಗಿರುವ ಒಂದು ಹೈಸ್ಕೂಲಿನಲ್ಲಿ, ಕನ್ನಡ ಟೀಚರಾಗಿ. ಮೂಡುಬಿದಿರೆಯಿಂದ ಸಿದ್ಧಕಟ್ಟೆಯ ಮೇಲಾಗಿ ಬಂಟ್ವಾಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದೇನೆ. ಅದೊಂದು ಸಣ್ಣ ಕಂಪೆನಿ. ಈ ದಾರಿಯಲ್ಲಿ ನಾಲ್ಕಾರು ಬಸ್ಸು, ವೇಣೂರಿನ ಮೇಲಾಗಿ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ಇನ್ನು ನಾಲ್ಕಾರು. ನಮ್ಮ ಕಡೆ ಬಸ್ಸು ಜನರನ್ನು ಮಾತ್ರ ಒಯ್ಯುವುದಿಲ್ಲ. ಮಕ್ಕಳು ಮನೆಯಲ್ಲಿ ಮರೆತು ಬಂದ ಬುತ್ತಿ, ಬಂಟ್ವಾಳದ ಮೆಡಿಕಲ್ ಅಂಗಡಿಯಿಂದ ತರಿಸಿದ ಶುಗರಿನ ಮಾತ್ರೆ, ಬಾಳೆಎಲೆಯ ಕಟ್ಟು, ಟೈಲರ್ ಹೊಲಿದು ಮುಗಿಸಿದ ರವಿಕೆ, ಯಾರದೋ ಮನೆಯ ಬೀಗದ ಕೈ, ಎಲ್ಲವೂ ಬಸ್ಸಿನಲ್ಲೇ ಹೋಗುತ್ತವೆ. ಕಂಡಕ್ಟರ್ ಅದನ್ನು ತೆಗೆದುಕೊಳ್ಳಬೇಕು, ಯಾರಿಗೆಂದು ಕೇಳಬೇಕು, ಆ ಸ್ಟಾಪಿನಲ್ಲಿ ನಿಂತವರ ಕೈಗೆ ಕೊಡಬೇಕು. ಅವರು ಬಂದಿರದಿದ್ದರೆ ಎರಡು ಸಲ ವಿಸಿಲ್ ಊದಿ ಅವರ ಅಂಗಳದವರೆಗೆ ಕೇಳಿಸಬೇಕು. ಮಂಡಿನೋವಿನ ಹೆಂಗಸರು ಇಳಿಯುವಾಗ ‘ಹೋಲ್ಡಾನ್’ ಎಂದು ಕೂಗಿ ನಿಲ್ಲಿಸಬೇಕು, ಅವರ ಎರಡೂ ಕಾಲು ನೆಲಕ್ಕೆ ತಾಗಿದ್ದನ್ನು ನೋಡಿ ‘ರೈಟ್’ ಹೇಳಬೇಕು. ಎಂಟು ನಿಮಿಷವೆಂದರೆ ಇಷ್ಟು.

ಕಂಪೆನಿ ಕಟ್ಟಿದ ಹಿರಿಯರನ್ನು ಎಲ್ಲರೂ ಧಣಿಗಳು ಎನ್ನುತ್ತಿದ್ದರು. ಅವರ ಕಾಲದಲ್ಲಿ ಬಸ್‌ ಸ್ಟ್ಯಾಂಡಿನಲ್ಲಿ ಒಬ್ಬ ಟೈಮ್ ಕೀಪರ್ ಪುಸ್ತಕ ಹಿಡಿದು ಕೂತಿರುತ್ತಿದ್ದ. ಬಸ್ಸು ತಡವಾದರೆ ‘ಎಂತ ಇಷ್ಟು ಲೇಟು?’ ಎಂದು ಬೈಯುತ್ತಿದ್ದ, ಇವರು ಕಾರಣ ಹೇಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಧಣಿಗಳಿಗೆ ವಯಸ್ಸಾಗಿ ಕೂಡದಾದ ಮೇಲೆ ಮಗ ವ್ಯವಹಾರ ವಹಿಸಿಕೊಂಡ. ಮಂಗಳೂರಿನಿಂದ ಒಬ್ಬ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ಎಲ್ಲ ಬಸ್ಸುಗಳಿಗೂ ಜಿಪಿಎಸ್ ಹಾಕಿಸಿ, ಟೈಮ್ ಕೀಪರನನ್ನು ಮನೆಗೆ ಕಳುಹಿಸಿ, ಮೂಡುಬಿದಿರೆ ಬಂಟ್ವಾಳದ ನಡುವಿನ ಓಟದಲ್ಲಿ ಎಂಟು ನಿಮಿಷ ಕಡಿತ ಮಾಡಿದ. ಮೆಷಿನು ಕಾರಣ ಕೇಳುವುದಿಲ್ಲ. ತಡವಾಗಿ ಮುಟ್ಟಿದವರಿಗೆ ಮರುದಿನ ಡ್ಯೂಟಿ ಇಲ್ಲ, ಮನೆಯಲ್ಲಿ ಕೂರಬೇಕು. ‘ಇವತ್ತು ಅವನನ್ನು ಕೂರಿಸಿದ್ದಾರೆ’ ಎಂದು ಬಸ್ಸಿನವರು ಹೇಳುವುದನ್ನು ನಾನು ದಿನಾ ಕೇಳತೊಡಗಿದೆ.

ನಾನು ಹೋರಾಟದ ಹೆಂಗಸಲ್ಲ. ಸಂಘ, ಸಭೆ, ಘೋಷಣೆ ಯಾವುದೂ ನನಗೆ ಒಗ್ಗುವುದಿಲ್ಲ. ಆದರೆ ಸಿಟ್ಟು ಬೇಗ ಬರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ಒಂದು ದಿನ ನನ್ನ ಒಂದು ಕಾಲು ಮೆಟ್ಟಿಲಲ್ಲಿ, ಇನ್ನೊಂದು ರಸ್ತೆಯಲ್ಲಿ ಇರುವಾಗಲೇ ಡ್ರೈವರ್ ಬಸ್ಸು ಬಿಟ್ಟ. ಬೀಳಲಿಲ್ಲ. ಆದರೆ ಕೈಯಲ್ಲಿದ್ದ ಉತ್ತರಪತ್ರಿಕೆಯ ಕಟ್ಟು ಬಿಚ್ಚಿ, ಒಂಬತ್ತನೇ ಕ್ಲಾಸಿನ ಅಷ್ಟೂ ವ್ಯಾಕರಣ ಸಿದ್ಧಕಟ್ಟೆಯ ರಸ್ತೆಯಲ್ಲಿ ಹರಡಿಕೊಂಡಿತು. ಕಂಡಕ್ಟರ್ ಬಸ್ಸು ನಿಲ್ಲಿಸಿ ಕೆಳಗಿಳಿದು, ಒಂದೊಂದೇ ಹಾಳೆ ಹೆಕ್ಕಿ, ಮಣ್ಣು ಒರಸಿ, ಜೋಡಿಸಿ ಕೊಟ್ಟರು. ಮರುದಿನ ಬಸ್ಸಿನಲ್ಲಿ ಅವರಿರಲಿಲ್ಲ. ಅವರನ್ನು ಕೂರಿಸಿದ್ದರು.

ಈ ಕಂಡಕ್ಟರ್ ಬಗ್ಗೆ ಎರಡು ಮಾತು ಹೇಳಬೇಕು, ಮುಂದಿನದೆಲ್ಲ ಇವರದೇ ಕಥೆ. ಐವತ್ತರ ಆಸುಪಾಸಿನ ಮನುಷ್ಯ. ಅದೇ ಕಂಪೆನಿಯಲ್ಲಿ ಕ್ಲೀನರ್ ಆಗಿ ಸೇರಿ ಕಂಡಕ್ಟರ್ ಆದವರು. ಒಬ್ಬಳೇ ಮಗಳು, ಉಜಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಇವರು ಓದಿದ್ದು ಏಳನೆಯವರೆಗೆ, ಆದರೆ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಿದ್ದರು. ಗೊತ್ತಿಲ್ಲದ ಪದ ಸಿಕ್ಕಿದರೆ ಟಿಕೆಟ್ ಕೊಡುವಾಗ ನನ್ನನ್ನು ಕೇಳುತ್ತಿದ್ದರು. ‘ಟೀಚರ್, ಪರಾಮರ್ಶೆ ಅಂದರೆ ಎಂತ?’ ನಾನು ಹೇಳುತ್ತಿದ್ದೆ. ಸಂಜೆಯ ಹೊತ್ತಿಗೆ ಅದೇ ಪದವನ್ನು ಬಸ್ಸಿನಲ್ಲಿ ಯಾರ ಮೇಲಾದರೂ ಪ್ರಯೋಗಿಸಿ ನೋಡುತ್ತಿದ್ದರು. ‘ಚಿಲ್ಲರೆ ಇಲ್ವಾ? ಬ್ಯಾಗು ಸರಿಯಾಗಿ ಪರಾಮರ್ಶೆ ಮಾಡಿ ಅಕ್ಕ.’

ಅವರನ್ನು ಕೂರಿಸಿದ ದಿನ ನಾನು ಕಂಪೆನಿಗೆ ಫೋನು ಮಾಡಿದೆ. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತನಾಡಿದ.

‘ಮೇಡಂ, ಬಸ್ ಬೇಗ ಮುಟ್ಟಿದರೆ ಪ್ಯಾಸೆಂಜರಿಗೆ ಒಳ್ಳೇದೇ ಅಲ್ವ?’

‘ಬಸ್ಸು ಬೇಗ ಮುಟ್ಟುತ್ತದೆ ಸರಿ, ಪ್ಯಾಸೆಂಜರ್ ರಸ್ತೆಯಲ್ಲೇ ಉಳಿಯುತ್ತಾನಲ್ಲ’ ಎಂದೆ. ಅವನು ನಕ್ಕ. ಆ ನಗು ಕೇಳಿ ನನಗೆ ಮೈಯೆಲ್ಲ ಉರಿಯಿತು. ವಾರ ಕಳೆದು ಬಸ್ಸಿನವರು ಮುಷ್ಕರ ಕೂತಾಗ ನಾನು ಅವರ ಕಡೆ ಹೋದದ್ದಕ್ಕೆ ಮುಖ್ಯ ಕಾರಣ ಆ ನಗುವೇ ಇರಬೇಕು.

ಸಿದ್ಧಕಟ್ಟೆಯ ಪೇಟೆಯಲ್ಲಿ ಬಾಗಿಲು ಮುಚ್ಚಿದ ಅಂಗಡಿಯೊಂದರ ಜಗಲಿಯಲ್ಲಿ ಅವರು ಕೂತರು. ಕಾಕಿ ಅಂಗಿ ತೊಟ್ಟುಕೊಂಡೇ ಬರುತ್ತಿದ್ದರು, ಡ್ಯೂಟಿಗೆ ಬಂದವರ ಹಾಗೆ. ಮೊದಲೆರಡು ದಿನ ಅವರ ನಾಯಕ ಯಾರೆಂದು ನನಗೆ ತಿಳಿಯಲಿಲ್ಲ. ಕೇಳಿದರೆ ಎಲ್ಲರೂ ನಮ್ಮ ಕಂಡಕ್ಟರನ್ನು ತೋರಿಸುತ್ತಿದ್ದರು, ಅವರು ‘ಹಾಗೆಂತ ಇಲ್ಲ ಟೀಚರ್, ನನಗೆ ಸ್ವಲ್ಪ ಓದಲಿಕ್ಕೆ ಬರ್ತದೆ, ಅಷ್ಟೆ’ ಎನ್ನುತ್ತಿದ್ದರು. ನಾನು ಬೆಳಿಗ್ಗೆ ರಿಕ್ಷಾದಲ್ಲಿ ಇನ್ನು ಮೂವರ ಜೊತೆ ಬಂದು, ಶಾಲೆಗೆ ಹೋಗುವ ಮೊದಲು ಜಗಲಿಯ ಹತ್ತಿರ ಐದು ನಿಮಿಷ ನಿಲ್ಲುತ್ತಿದ್ದೆ. ಪೇಟೆಯ ಹೆಂಗಸರು ಸರದಿಯಲ್ಲಿ ಅವಲಕ್ಕಿ, ಚಾ ತಂದು ಕೊಡುತ್ತಿದ್ದರು. ನಾನು ಏನೂ ತರುತ್ತಿರಲಿಲ್ಲ, ಸಲಹೆ ಕೊಡುತ್ತಿದ್ದೆ. ಅದು ನನ್ನ ವೃತ್ತಿಯ ದೋಷ. ನಮ್ಮ ಹೆಡ್‌ಮಾಸ್ಟರು ‘ನಮಗೆ ಯಾಕೆ ಟೀಚರ್ ಆ ಉಸಾಬರಿ’ ಎಂದರು. ಶಾಲೆಯ ಗಂಟೆ ಬಾರಿಸುವ ಮೊದಲಿನ ಐದು ನಿಮಿಷ ನನ್ನದು ಎಂದು ಉತ್ತರ ಕೊಟ್ಟೆ.

ಮುಷ್ಕರ ಹೂಡುವಾಗಲೇ ಪೊಲೀಸರು ಬಸ್ಸಿನವರನ್ನು ಠಾಣೆಗೆ ಕರೆಸಿ, ಕಂಪೆನಿಯ ಬಸ್ಸು ಓಡಿಸಿದರೆ ನಾವು ತಡೆಯುವುದಿಲ್ಲ, ಹೊರಗಿನ ಡ್ರೈವರುಗಳಿಗೆ ತೊಂದರೆ ಕೊಡುವುದಿಲ್ಲ ಎಂದು ಬರೆಸಿಕೊಂಡಿದ್ದರು. ಇದು ಮುಖ್ಯವಾದ ವಿಷಯ. ಬಸ್ಸು ತಡೆದವನಿಗೆ ಮತ್ತೆ ಕೆಲಸವಿಲ್ಲ ಎಂದು ಕಂಪೆನಿ ಅದೇ ದಿನ ಆಫೀಸಿನ ಬಾಗಿಲಿಗೆ ನೋಟೀಸು ಅಂಟಿಸಿತು. ನಮ್ಮ ಕಡೆ ಒಂದು ಕಂಪೆನಿ ಇಳಿಸಿದವನನ್ನು ಇನ್ನೊಂದು ಕಂಪೆನಿ ಹತ್ತಿಸಿಕೊಳ್ಳುವುದಿಲ್ಲ. ಬಸ್ಸಿನವರಿಗೆ ಇದು ಗೊತ್ತಿತ್ತು, ಆದ್ದರಿಂದ ಆ ವಿಷಯದಲ್ಲಿ ಬಹಳ ಹುಷಾರಾಗಿದ್ದರು.

ಐದನೆಯ ದಿನ, ಸೋಮವಾರ, ಘಟ್ಟದ ಮೇಲಿನ ಊರಿನಿಂದ ಕರೆಸಿದ ಡ್ರೈವರ್ ಒಬ್ಬ ಖಾಲಿ ಬಸ್ಸು ತೆಗೆದುಕೊಂಡು ಸಿದ್ಧಕಟ್ಟೆಗೆ ಬಂದ. ನಾನು ರಿಕ್ಷಾದಿಂದ ಇಳಿಯುತ್ತಿದ್ದೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ಮೊದಲು ರಸ್ತೆಗಿಳಿದಳು. ಅವಳನ್ನು ನೋಡಿ ನಾನೂ ಇಳಿದೆ, ನನ್ನನ್ನು ನೋಡಿ ಶಾಲೆಯ ಮಕ್ಕಳ ಇಬ್ಬರು ತಾಯಂದಿರು, ಆಮೇಲೆ ಇನ್ನಾರೋ ಬಂದರು. ಒಟ್ಟು ಏಳೆಂಟು ಜನ ಬಸ್ಸಿನ ಎದುರು ನಿಂತೆವು. ನನ್ನ ಕೈಯಲ್ಲಿ ಕೊಡೆ ಬಿಟ್ಟರೆ ಬೇರೆ ಆಯುಧ ಇರಲಿಲ್ಲ. ಕಂಡಕ್ಟರ್ ಜಗಲಿಯಿಂದ ಒಂದು ಹೆಜ್ಜೆ ಕೆಳಗಿಳಿದು ಕೂಗಿದರು.

‘ಟೀಚರ್, ಬೇಡ. ಅವನೂ ಹೊಟ್ಟೆಪಾಡಿಗೆ ಬಂದವ.’

‘ನೀವು ಅಲ್ಲೇ ಇರಿ’ ಎಂದು ನಾನು ಕ್ಲಾಸಿನಲ್ಲಿ ಗದರಿಸುವ ಹಾಗೆ ಗದರಿಸಿದೆ. ಅವರು ಮತ್ತೆ ಜಗಲಿಗೆ ಹತ್ತಿ, ಉಳಿದವರ ಜೊತೆ ಕೈಕಟ್ಟಿ ನಿಂತರು. ಡ್ರೈವರ್ ಬಡಪಾಯಿ, ಹಾರ್ನ್ ಕೂಡ ಹಾಕಲಿಲ್ಲ. ಹತ್ತು ನಿಮಿಷ ನೋಡಿ ಬಸ್ಸು ತಿರುಗಿಸಿಕೊಂಡು ಬಂದ ದಾರಿಯಲ್ಲೇ ಹೋದ. ಸ್ವಲ್ಪ ಹೊತ್ತಿಗೆ ಬೈಕಿನಲ್ಲಿ ಪೊಲೀಸಿನವ ಬಂದ. ಇದೇ ಕಡೆಯವನು. ಬಸ್ಸು ನಿಲ್ಲಿಸಿದ್ದು ಯಾರು ಎಂದು ತುಳುವಿನಲ್ಲಿ ಕೇಳಿದ. ನಾವು ಎಂದು ನಾನು ಜಗಲಿಯವರ ಕಡೆ ತಿರುಗಿ, ಅವರಿಗೂ ಕೇಳುವ ಹಾಗೆ ತುಳುವಿನಲ್ಲೇ ಹೇಳಿದೆ. ಅವನು ಜಗಲಿಯ ಕಡೆ ತಿರುಗಿಯೂ ನೋಡದೆ, ‘ಇನ್ನು ಹಾಗೆ ಮಾಡಬೇಡಿ ಟೀಚರ್, ಬಸ್ಸು ಮೈಮೇಲೆ ಬಂದರೆ ಎಂತ ಮಾಡುವುದು’ ಎಂದು ಬುದ್ಧಿ ಹೇಳಿ ಹೊರಟುಹೋದ.

ಆ ದಿನ ನನಗೆ ಬಹಳ ಖುಷಿಯಾಗಿತ್ತು. ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದರೂ ಮನಸ್ಸು ರಸ್ತೆಯಲ್ಲೇ ಇತ್ತು. ಸಂಜೆ ಮನೆಗೆ ಬಂದು, ಪ್ರಯಾಣಿಕರ ಪರವಾಗಿ ಕಂಪೆನಿಗೆ ಒಂದು ಅರ್ಜಿ ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ. ಎಂಟು ನಿಮಿಷದಲ್ಲಿ ಏನೇನು ಸೇರಿದೆ ಎಂಬುದನ್ನು ವಿವರವಾಗಿ ಬರೆದೆ. ಎರಡನೆಯ ಪುಟದಲ್ಲಿ ಹೀಗೊಂದು ವಾಕ್ಯ ಹಾಕಿದೆ: ‘ಸೋಮವಾರ ಸಿದ್ಧಕಟ್ಟೆಯಲ್ಲಿ ನಾವು ತಮ್ಮ ಬಸ್ಸನ್ನು ತಡೆದು ಹಿಂದಕ್ಕೆ ಕಳುಹಿಸಿದ್ದು ಯಾರ ಮೇಲಿನ ದ್ವೇಷದಿಂದಲೂ ಅಲ್ಲ, ನ್ಯಾಯವಾದ ಬೇಡಿಕೆಯೊಂದರ ಕಡೆಗೆ ತಮ್ಮ ಗಮನ ಸೆಳೆಯುವುದಕ್ಕಾಗಿ.’ ಬರೆದು ಮುಗಿಸಿ ಎರಡು ಸಲ ಓದಿದೆ. ಒಂದು ಕಡೆ ಒತ್ತಕ್ಷರ ಸರಿಪಡಿಸಿದೆ. ಇಷ್ಟು ಒಳ್ಳೆಯ ಕನ್ನಡದ ಅರ್ಜಿ ಆ ಕಂಪೆನಿಗೆ ಈವರೆಗೆ ಬಂದಿರಲಾರದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮರುದಿನ ಪೇಟೆಯಲ್ಲಿ ಅರ್ಜಿಯನ್ನು ಗಟ್ಟಿಯಾಗಿ ಓದಿದೆ. ಜನ ಸಹಿ ಹಾಕಿದರು. ಜಗಲಿಯಲ್ಲಿದ್ದ ಡ್ರೈವರ್ ಒಬ್ಬ, ‘ಪ್ರಯಾಣಿಕರು ಬೇರೆ, ನಾವು ಬೇರೆ ಯಾಕೆ? ಒಂದೇ ಕಾಗದದಲ್ಲಿ ಇದ್ದರೆ ತೂಕ ಜಾಸ್ತಿ ಅಲ್ವ ಟೀಚರ್?’ ಎಂದ. ಹೌದೆಂದು ನನಗೂ ಕಂಡಿತು. ಪೆನ್ನು ತೆಗೆದು, ಮೇಲುಗಡೆ ‘ಸಿದ್ಧಕಟ್ಟೆ ಪರಿಸರದ ನಿತ್ಯ ಪ್ರಯಾಣಿಕರು’ ಎಂದಿದ್ದಲ್ಲಿ ‘ಹಾಗೂ ಬಸ್ ನೌಕರರು’ ಎಂದು ಸೇರಿಸಿದೆ. ನೌಕರರ ಪರವಾಗಿ ಒಬ್ಬರು ಹಾಕಿದರೆ ಸಾಕೆಂದು ಕಂಡಕ್ಟರಿಗೆ ಕಾಗದ ಕೊಟ್ಟೆ. ಅವರು ನಿಂತಲ್ಲೇ ಎರಡೂ ಪುಟವನ್ನು ನಿಧಾನವಾಗಿ ಓದಿದರು. ಒಂದು ಕಡೆ ಸ್ವಲ್ಪ ಹೊತ್ತು ನಿಲ್ಲಿಸಿದರು, ಪದದ ಅರ್ಥ ಕೇಳುತ್ತಾರೇನೋ ಎಂದುಕೊಂಡೆ. ಕೇಳಲಿಲ್ಲ. ಪೂರ್ತಿ ಹೆಸರು ಬರೆದು, ಕೆಳಗೆ ಗೆರೆ ಎಳೆದು ಸಹಿ ಹಾಕಿದರು.

ಮುಷ್ಕರ ಹನ್ನೊಂದು ದಿನ ನಡೆಯಿತು. ಕೊನೆಗೆ ಬಂಟ್ವಾಳದಲ್ಲಿ ಎರಡೂ ಕಡೆಯವರನ್ನು ಕೂರಿಸಿ ಮಾತುಕತೆ ಮಾಡಿಸಿದರು. ಎಂಟರಲ್ಲಿ ಐದು ನಿಮಿಷ ವಾಪಸು ಸಿಕ್ಕಿತು. ತಡವಾದವರನ್ನು ಕಾರಣ ಕೇಳದೆ ಕೂರಿಸಬಾರದು ಎಂದೂ ಆಯಿತು. ಎಲ್ಲರೂ ಕೆಲಸಕ್ಕೆ ಹೋದರು, ನಮ್ಮ ಕಂಡಕ್ಟರ್ ಒಬ್ಬರ ಹೊರತು. ಅವರ ಕೈಗೆ ಒಂದು ಪತ್ರ ಕೊಟ್ಟರು. ಠಾಣೆಯಲ್ಲಿ ಬರೆದುಕೊಟ್ಟ ಮಾತಿಗೆ ತಪ್ಪಿ ಬಸ್ಸು ತಡೆದಿದ್ದೀರಿ, ಅದನ್ನು ಅರ್ಜಿಯ ಎರಡನೆಯ ಪುಟದಲ್ಲಿ ನೀವೇ ಒಪ್ಪಿ ಸಹಿ ಹಾಕಿದ್ದೀರಿ, ಆದ್ದರಿಂದ ವಿಚಾರಣೆ ಮುಗಿಯುವವರೆಗೆ ಕೆಲಸವಿಲ್ಲ ಎಂದು ಅದರಲ್ಲಿತ್ತು.

ಅವರು ಆ ಪತ್ರವನ್ನು ಶಾಲೆಗೆ ತಂದು ತೋರಿಸಿದರು. ನಾನು ಓದಿ, ಅರ್ಜಿಯ ಪ್ರತಿ ತೆಗೆದು ನೋಡಿದೆ. ‘ನಾವು ತಮ್ಮ ಬಸ್ಸನ್ನು ತಡೆದು’ ಎಂದು ನನ್ನದೇ ದುಂಡಗಿನ ಅಕ್ಷರದಲ್ಲಿತ್ತು.

ಇಲ್ಲಿ ತುಳುವಿನ ಒಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಕನ್ನಡದಲ್ಲಿ ‘ನಾವು’ ಒಂದೇ. ತುಳುವಿನಲ್ಲಿ ಎರಡು. ‘ನಮ’ ಎಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. ಊಟಕ್ಕೆ ‘ನಮ ಪೋಯಿ’ ಎಂದರೆ ಎದ್ದು ಬನ್ನಿ, ‘ಎಂಕುಲು ಪೋಪ’ ಎಂದರೆ ನೀವು ಇಲ್ಲೇ ಇರಿ. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ನಾವು ಆಡುವುದು ತುಳು. ಕನ್ನಡ ನಮಗೆ ಶಾಲೆ, ಆಫೀಸು, ಅರ್ಜಿಯ ಭಾಷೆ. ಪೊಲೀಸಿನವನ ಎದುರು ಜಗಲಿಯವರ ಕಡೆ ತಿರುಗಿ ನಾನು ‘ಎಂಕುಲು’ ಎಂದಿದ್ದೆ, ಆದ್ದರಿಂದಲೇ ಅವನು ಜಗಲಿಯ ಕಡೆ ನೋಡಲಿಲ್ಲ. ಅರ್ಜಿ ಬರೆಯುವಾಗಲೂ ನನ್ನ ತಲೆಯಲ್ಲಿದ್ದದ್ದು ಜಗಲಿಯವರಿಗೆ ಹೇಳಿದ ಅದೇ ಎಂಕುಲು, ಅವರನ್ನು ಬಿಟ್ಟು ನಾವು ಏಳೆಂಟು ಜನ. ಕಾಗದಕ್ಕೆ ಇಳಿಯುವಾಗ ಅದು ‘ನಾವು’ ಆಯಿತು. ಮರುದಿನ ನೌಕರರನ್ನು ಮೇಲೆ ಸೇರಿಸಿದಾಗ ಆ ‘ನಾವು’ ಅವರನ್ನೂ ಸದ್ದಿಲ್ಲದೆ ಒಳಗೆ ಎಳೆದುಕೊಂಡಿತು. ಕ್ಲಾಸಿನಲ್ಲಿ ತುಳು ಮಾತನಾಡಿದ ಮಕ್ಕಳನ್ನು ಇಷ್ಟು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ತುಳುವಿನಲ್ಲೇ ಯೋಚಿಸಿ ಕನ್ನಡ ಬರೆದು ಒಬ್ಬರ ಅನ್ನಕ್ಕೆ ಕಲ್ಲು ಹಾಕಿದೆ ಎಂದು ನಾಚಿಕೆಯಾಯಿತು.

‘ವಿಚಾರಣೆಗೆ ನಾನು ಬರ್ತೇನೆ. ಇದು ನನ್ನ ತಪ್ಪು, ನಾನೇ ಸರಿ ಮಾಡ್ತೇನೆ’ ಎಂದು ಅವರಿಗೆ ಹೇಳಿದೆ. ಆ ‘ನಾವು’ವಿನಲ್ಲಿ ನೌಕರರು ಸೇರಿಲ್ಲ ಎಂಬುದನ್ನು ಹೇಗೆ ವಿವರಿಸುತ್ತೇನೆ ಎಂದು ಹೇಳಲು ಹೊರಟಾಗ ಶಾಲೆಯ ಗಂಟೆ ಹೊಡೆಯಿತು. ಅವರು ತಲೆಯಾಡಿಸಿ ಹೋದರು.

ವಿಚಾರಣೆ ನಡೆದದ್ದು ಮೂಡುಬಿದಿರೆಯಲ್ಲಿ, ಕಂಪೆನಿಯ ಆಫೀಸಿನ ಮಹಡಿಯಲ್ಲಿ, ಒಂದು ಶನಿವಾರ ಮಧ್ಯಾಹ್ನ. ವಿಚಾರಣೆ ಮಾಡಲು ಧಾರವಾಡ ಕಡೆಯ ಒಬ್ಬ ನಿವೃತ್ತ ಅಧಿಕಾರಿಯನ್ನು ಗೊತ್ತು ಮಾಡಿದ್ದರು. ಮೇಜಿನ ಒಂದು ಬದಿಯಲ್ಲಿ ಮ್ಯಾನೇಜರ್, ಇನ್ನೊಂದು ಬದಿಯಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಕಂಡಕ್ಟರ್. ಕಾಕಿ ಇಲ್ಲದೆ ಅವರನ್ನು ನಾನು ನೋಡಿದ್ದು ಅದೇ ಮೊದಲು. ಮೂಲೆಯಲ್ಲಿ ಒಬ್ಬಳು ಹುಡುಗಿ ಹೇಳಿದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಕುಟ್ಟುತ್ತಿದ್ದಳು.

‘ಈ ಅರ್ಜಿ ಬರದವರು ನೀವ ಏನ್ರಿ ಮೇಡಂ?’ ಎಂದು ಅಧಿಕಾರಿ ಕೇಳಿದರು.

‘ಹೌದು.’

‘ಇದರಾಗ ನಾವು ಅಂದ್ರ ಯಾರ್ರಿ?’

‘ಆ ದಿನ ರಸ್ತೆಯಲ್ಲಿ ನಿಂತ ಪ್ರಯಾಣಿಕರು. ನೌಕರರು ಅದರಲ್ಲಿ ಸೇರಿಲ್ಲ.’

‘ಕೆಳಗ ಅವರ ಸಹಿ ಐತಲ್ರಿ. ಸಹಿ ಮಾಡಿದವರು ಎಲ್ಲಾರೂ ಕೂಡಿ ನಾವು ಅಲ್ಲೇನು?’

ಮ್ಯಾನೇಜರ್ ನಡುವೆ ಬಾಯಿ ಹಾಕಿದ. ‘ಮೇಡಂ ಕನ್ನಡ ಟೀಚರ್ ಸಾರ್. ಅವರಿಗೆ ಗೊತ್ತಿಲ್ಲದೆ ಬರೆದದ್ದಾ?’

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಕನ್ನಡ ಟೀಚರ್ ಆಗಿಯೂ ತಪ್ಪು ಬರೆದಿದ್ದೇನೆ, ತುಳುವಿನ ಲೆಕ್ಕದಲ್ಲಿ ಬರೆದಿದ್ದೇನೆ ಎಂದು ಹೇಳಿದೆ. ಎರಡು ‘ನಾವು’ಗಳ ಕಥೆಯನ್ನು ಹತ್ತನೇ ಕ್ಲಾಸಿಗೆ ಪಾಠ ಮಾಡುವ ಹಾಗೆ ಬಿಡಿಸಿ ವಿವರಿಸಿದೆ. ಅಧಿಕಾರಿ ಕನ್ನಡಕ ತೆಗೆದು ಕೇಳಿದರು. ಅವರ ಮುಖದಲ್ಲಿ ನಂಬಿಕೆಗಿಂತ ಕುತೂಹಲ ಹೆಚ್ಚಿತ್ತು. ಬಾಗಿಲ ಬಳಿ ನಿಂತಿದ್ದ ಆಫೀಸಿನ ಮುದಿ ಅಟೆಂಡರನ್ನು ಒಳಗೆ ಕರೆದರು.

‘ನಾವು ಚಾ ಕುಡ್ಯಾಕ ಹೋಗೂದು, ಇದನ್ನ ತುಳುವಿನಾಗ ಹೇಳ್ರಿ ನೋಡೂಣು.’

ಅಟೆಂಡರ್ ತಬ್ಬಿಬ್ಬಾಗಿ ಅವರನ್ನೇ ನೋಡಿದ. ‘ಸಾರ್, ನೀವೂ ಬರ್ತೀರಾ? ಅಲ್ಲ ನಾವು ಮಾತ್ರ ಹೋಗುವುದಾ?’

ಅಧಿಕಾರಿ ಜೋರಾಗಿ ನಕ್ಕುಬಿಟ್ಟರು. ‘ನಾ ಬಂದ್ರ?’

‘ನಮ ಪೋಯಿ.’

‘ಬರದಿದ್ರ?’

‘ಎಂಕುಲು ಪೋಪ.’

ಮ್ಯಾನೇಜರನೂ ಮಂಗಳೂರಿನವನೇ. ಮನೆಯಲ್ಲಿ ಅವನೂ ಇದೇ ಎರಡು ಮಾತು ಆಡುತ್ತಿದ್ದಿರಬೇಕು. ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ಗೆದ್ದೆ ಎಂದು ನನಗೆ ಅನ್ನಿಸಿತು. ಆಗ ಅಧಿಕಾರಿ ಕಂಡಕ್ಟರ್ ಕಡೆ ತಿರುಗಿದರು.

‘ಬರದವರ ಮನಸ್ಸಿನಾಗ ಏನಿತ್ತು ಅಂತ ತಿಳೀತು. ಈಗ ನೀವು ಹೇಳ್ರಿ. ಓದಿ ಸಹಿ ಮಾಡಿದವರು ನೀವು. ನೀವು ಯಾವ ನಾವು ಅಂತ ತಿಳ್ಕೊಂಡು ಸಹಿ ಮಾಡಿದ್ರಿ? ಅದಾ, ಇದಾ?’

ಕಂಡಕ್ಟರ್ ಮೇಜಿನ ಮೇಲಿದ್ದ ಅರ್ಜಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಷ್ಟು ಸುಲಭದ ಪ್ರಶ್ನೆಗೆ ಇಷ್ಟು ಹೊತ್ತು ಯಾಕೆ ಎಂದು ನನಗೆ ಸಿಟ್ಟೇ ಬಂತು. ಉತ್ತರ ಗೊತ್ತಿದ್ದೂ ಹೇಳದ ಹುಡುಗನಿಗೆ ಮಾಡುವ ಹಾಗೆ ಹುಬ್ಬು ಏರಿಸಿ ತಲೆಯಾಡಿಸಿದೆ. ಅವರು ತಲೆ ತಗ್ಗಿಸಿ ‘ಎಂಕುಲು’ ಎಂದರು.

‘ಅಂದ್ರ ಬಸ್ ತಡದವರಾಗ ನೀವಿಲ್ಲ.’

‘ಇಲ್ಲ ಸಾರ್. ಅದರಲ್ಲಿ ನಾನಿಲ್ಲ.’

ಹುಡುಗಿ ಕುಟ್ಟಿದಳು: ಬಸ್ಸು ತಡೆದವರಲ್ಲಿ ನಾನು ಇರಲಿಲ್ಲ, ಅರ್ಜಿಯಲ್ಲಿ ನಾವು ಎಂದಿರುವುದು ನನಗೆ ಅನ್ವಯಿಸುವುದಿಲ್ಲ. ಪ್ರಿಂಟ್ ತೆಗೆದು ಕೊಟ್ಟಳು, ಅವರು ಸಹಿ ಹಾಕಿದರು. ಈ ಸಲ ಓದಲಿಲ್ಲ. ಅಧಿಕಾರಿ ಕಡತ ಮುಚ್ಚಿ, ‘ನಾ ಬರದು ಕೊಡ್ತೀನಿ. ಬರೂ ವಾರ ಕೆಲಸಕ್ಕ ಬರ್ರಿ’ ಎಂದರು.

ಕೆಳಗೆ ಎದುರಿನ ಹೋಟೆಲಿಗೆ ನಾನೇ ಅವರನ್ನು ಕರೆದುಕೊಂಡು ಹೋದೆ. ನನ್ನ ಎದೆಯ ಮೇಲಿನ ದೊಡ್ಡ ಭಾರ ಇಳಿದಿತ್ತು. ಅಟೆಂಡರನ ಮುಖ ಹೇಗಾಯಿತು, ಮ್ಯಾನೇಜರ್ ಕಿಟಕಿ ಕಡೆ ಹೇಗೆ ತಿರುಗಿದ ಎಂದು ಒಂದೇ ಸಮನೆ ಹೇಳಿ ನಗುತ್ತಿದ್ದೆ. ಅವರು ಮುಂದಿದ್ದ ಚಾವನ್ನು ಮುಟ್ಟಿರಲಿಲ್ಲ. ಕೆಲಸ ಉಳಿದ ಮನುಷ್ಯನ ಮುಖ ಹಾಗಿರಲಿಲ್ಲ.

‘ಎಂತ ಆಯಿತು ನಿಮಗೆ? ಒಳಗೂ ಅಷ್ಟು ಹೊತ್ತು ತೆಗೆದುಕೊಂಡಿರಿ’ ಎಂದೆ.

‘ಎಂತ ಇಲ್ಲ ಟೀಚರ್. ಉಪಕಾರ ಆಯಿತು. ಮಗಳ ಕೊನೇ ವರ್ಷ, ಈಗ ಕೆಲಸ ಹೋಗಿದ್ದರೆ ಕಷ್ಟ ಇತ್ತು.’

ನಾನು ಬಿಡಲಿಲ್ಲ. ಮತ್ತೆ ಕೇಳಿದೆ. ಅವರು ಚಾದ ಗ್ಲಾಸನ್ನು ಸ್ವಲ್ಪ ಆಚೆ ಸರಿಸಿದರು.

‘ನಾನು ಒಳಗೆ ಹೇಳಿದ್ದು ಸುಳ್ಳು ಟೀಚರ್. ಸಹಿ ಹಾಕುವಾಗ ನಾನು ಓದಿದ್ದು ನಮ ಅಂತಲೇ.’

ನನಗೆ ಅರ್ಥವಾಗಲಿಲ್ಲ.

‘ಅವತ್ತು ನಮಗೋಸ್ಕರ ನೀವೆಲ್ಲ ಬಸ್ಸಿನ ಎದುರು ನಿಂತಿದ್ದೀರಿ. ಅಷ್ಟು ಜನ ಗಂಡಸರು ನಾವು ಜಗಲಿಯಲ್ಲಿ ಕೈಕಟ್ಟಿ ನೋಡಿದ್ದೇವೆ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಮರುದಿನ ನಿಮ್ಮ ಅರ್ಜಿಯಲ್ಲಿ ನಾವು ಬಸ್ಸನ್ನು ತಡೆದೆವು ಅಂತ ಉಂಟು. ಟೀಚರ್ ನಮ್ಮನ್ನೂ ಸೇರಿಸಿಕೊಂಡಿದ್ದಾರೆ ಅಂತ ಎಣಿಸಿದೆ. ತೊಂದರೆ ಆಗಬಹುದು ಅಂತ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಮಗಳಿಗೆ ಫೋನ್ ಮಾಡಿ ಆ ಒಂದು ವಾಕ್ಯ ಓದಿ ಹೇಳಿದೆ. ನೀವು ನಮ್ಮನ್ನು ಬಿಟ್ಟು ಬರೆದದ್ದು ಅಂತ ನನಗೆ ಇವತ್ತೇ ಗೊತ್ತಾದದ್ದು.’

ಅಲ್ಲ, ಹಾಗಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಆದರೆ ಅರ್ಧ ಗಂಟೆಯ ಹಿಂದೆ ಅದನ್ನೇ ಅಷ್ಟು ಬಿಡಿಸಿ ವಿವರಿಸಿ ಬಂದಿದ್ದೆ, ಮತ್ತು ನಾನು ಅಲ್ಲಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬರೆಯುವಾಗ ಅವರು ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ.